ನೆನಪಿನ ಅಧ್ಯಯನಕ್ಕೆ ಕರೆದಿದ್ದಾರೆ, ಹೋಗೋಣವೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಒಂದೇ ವಿಷಯದವು: ಮರೆವು, ಮುಪ್ಪು, ಡಿಮೆನ್ಶಿಯಾ (ನೆನಪು, ಯೋಚನೆ ಕುಂದಿ ದಿನನಿತ್ಯದ ಬದುಕಿಗೆ ತೊಡಕಾಗುವ ಸ್ಥಿತಿ) ಕುರಿತ ಸಂಶೋಧನೆಗಳಲ್ಲಿ ಭಾಗವಹಿಸುವುದು. ಮನೆಯಲ್ಲಿ ಆರೈಕೆ ಹೇಗೆ ಎಂದು ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಸಿಗಲಿದೆ.

ಪ್ರಶ್ನೆ: ನಮ್ಮ ತಂದೆಗೆ 61. ಹೊಲ, ಹಸು, ಡೇರಿ ಲೆಕ್ಕ ಎಲ್ಲ ಅವರದೇ, ಒಂದು ರೂಪಾಯಿ ತಪ್ಪಲ್ಲ. ಊರಿಗೆ ಬಂದಿದ್ದ ಕಾರ್ಯಕರ್ತೆಯರು ನೆನಪಿನ ಶಕ್ತಿ ಅಧ್ಯಯನಕ್ಕೆ ಅಂತ ಅವರ ಹೆಸರು ಬರೆದುಕೊಂಡು ಹೋಗಿದ್ದಾರೆ. ‘ಅರಳು ಮರಳು ಆದೋರನ್ನ ಕರೀಲಿ, ನನ್ನನ್ಯಾಕೆ?’ ಅಂತಾರೆ ಅಪ್ಪ. ಅವರು ಹೇಳೋದೂ ಸರಿ ಅಲ್ವಾ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಈ ಕೆಲಸಕ್ಕೆ ಬೇಕಾಗಿರುವುದೇ ನಿಮ್ಮ ತಂದೆಯಂಥವರು. ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯಲ್ಲಿ ಮರೆವು ಮನೆಯವರ ಕಣ್ಣಿಗೆ ಬೀಳುವುದಕ್ಕೆ 15–20 ವರ್ಷ ಮೊದಲೇ ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಸೇರತೊಡಗಿರುತ್ತದೆ. ಮರೆವು ಬಂದವರನ್ನಷ್ಟೇ ಪರೀಕ್ಷಿಸಿದರೆ ಕಾಯಿಲೆ ಎಲ್ಲಿಂದ ಹೊರಟಿತು, ಅದೇ ವಯಸ್ಸಿನ ಪಕ್ಕದ ಮನೆಯವರು ಹೇಗೆ ತಪ್ಪಿಸಿಕೊಂಡರು ಎಂಬುದು ಎಂದಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಗಟ್ಟಿಮುಟ್ಟಾಗಿರುವಾಗಲೇ ಸೇರಿಸಿಕೊಂಡು ವರ್ಷಗಟ್ಟಲೆ ನೋಡುತ್ತಾ ಹೋಗುತ್ತಾರೆ.

ನಿಮ್ಮ ತಾಲ್ಲೂಕೆಂದ ಮೇಲೆ ಅದು ‘ಸ್ಯಾನ್ಸ್‌ಕಾಗ್’ ಅಧ್ಯಯನವೇ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಇದನ್ನು 2018ರಲ್ಲಿ ಆರಂಭಿಸಿತು. ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ. ಬೆಂಗಳೂರು ನಗರದಲ್ಲಿ 1,000 ಜನರ ಗುರಿಯಿಟ್ಟುಕೊಂಡು ಟಾಟಾ ಟ್ರಸ್ಟ್ಸ್ ನೆರವಿನಿಂದ ಇದೇ ಕೇಂದ್ರ ಇನ್ನೊಂದು ಅಧ್ಯಯನ ನಡೆಸುತ್ತಿದೆ. ಸೇರುವಾಗ ಡಿಮೆನ್ಶಿಯಾ ಇರಬಾರದು ಎಂಬುದು ಎರಡಕ್ಕೂ ಇರುವ ನಿಯಮ. ಆದರೂ ಬಂದ ಕಾರ್ಯಕರ್ತೆಯರ ಗುರುತಿನ ಚೀಟಿ, ಸಂಸ್ಥೆಯ ಹೆಸರು ಕೇಳಿ ಖಚಿತ ಮಾಡಿಕೊಳ್ಳಿ. ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಹಳ್ಳಿಗೇ ಏಕೆ ಬರುತ್ತಾರೆ? ಈ ಕಾಯಿಲೆಯ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಪಶ್ಚಿಮ ದೇಶಗಳ, ಓದು ಬರಹ ಕಲಿತವರ ಲೆಕ್ಕ. ನಮ್ಮ ದೇಶದ ರಾಷ್ಟ್ರಮಟ್ಟದ ಸಮೀಕ್ಷೆಯೊಂದರ ಪ್ರಕಾರ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಹಳ್ಳಿಯವರಲ್ಲಿ, ಹೆಂಗಸರಲ್ಲಿ, ಶಾಲೆ ಕಾಣದವರಲ್ಲಿ ಪ್ರಮಾಣ ಹೆಚ್ಚು. ಯಾರಿಗೆ ಹೆಚ್ಚು ಬರುತ್ತದೋ ಅವರ ಬಗ್ಗೆಯೇ ತಿಳಿವಳಿಕೆ ಕಡಿಮೆ. ಇದು ಸರಿಹೋಗಬೇಕಾದರೆ ನಿಮ್ಮ ತಂದೆಯಂಥವರು ಬರಬೇಕು.

ಇನ್ನೊಂದು ಮಾತನ್ನು ಅಪ್ಪನಿಗೆ ಈಗಲೇ ಹೇಳಿಬಿಡಿ. ಒಂದು ಸಲ ಹೋಗಿ ಬಂದರೆ ಸಾಲದು. ಮೊದಲ ಸಲ ಸಿಗುವುದು ಬರೀ ಒಂದು ಅಂಕ. ನೂರಕ್ಕೆ 80 ಬಂದವರಿಗೆ ಆರು ವರ್ಷದ ಮೇಲೂ 80 ಬಂತೇ, 71ಕ್ಕೆ ಇಳಿಯಿತೇ ಎಂಬುದರಲ್ಲಿ ಎಲ್ಲ ವಿಷಯ ಇದೆ. ನಡುವೆ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಕಾಯಿಲೆ ಬಿದ್ದವರು, ಮಗನ ಮನೆಗೆಂದು ಊರು ಬಿಟ್ಟವರು, ‘ಈಗ ನನಗೆ ಮರೆವು ಜಾಸ್ತಿ, ನಾಚಿಕೆ ಆಗುತ್ತೆ’ ಎಂದು ಹಿಂದೆ ಸರಿದವರು. ಅವರೆಲ್ಲ ಕಳಚಿಕೊಂಡರೆ ಉಳಿದವರ ಲೆಕ್ಕ ನೋಡಿ ಊರೆಲ್ಲ ಆರೋಗ್ಯವಾಗಿದೆ ಎಂಬ ಸುಳ್ಳು ತೀರ್ಮಾನ ಬರುತ್ತದೆ. ಫೋನ್ ನಂಬರು ಬದಲಾದರೆ ತಿಳಿಸಿ. ನಿಮ್ಮದರ ಜೊತೆಗೆ ಇನ್ನೊಬ್ಬ ನೆಂಟರ ನಂಬರೂ ಕೊಟ್ಟಿರಿ. ಮರೆವು ಹೆಚ್ಚಿದೆ ಅನ್ನಿಸಿದ ವರ್ಷವಂತೂ ತಪ್ಪಿಸಲೇಬೇಡಿ.

ಪ್ರಶ್ನೆ: ನನ್ನ ಅಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆ ಇದೆ, ಕಿವಿ ಸ್ವಲ್ಪ ಮಂದ. ಸಂಶೋಧನಾ ಕೇಂದ್ರದಿಂದ ದಿನ ಕೊಟ್ಟು ‘ಖಾಲಿ ಹೊಟ್ಟೆಯಲ್ಲಿ ಬನ್ನಿ, ಜೊತೆಗೆ ಮನೆಯವರೊಬ್ಬರು ಇರಲಿ’ ಅಂದಿದ್ದಾರೆ. ಅಲ್ಲಿ ಏನೇನು ಮಾಡುತ್ತಾರೆ? ನಾವು ಹೇಗೆ ತಯಾರಾಗಬೇಕು?
– ಓದುಗರು, ಬೆಂಗಳೂರು

ಉತ್ತರ: ಅರ್ಧ ದಿನದಿಂದ ಒಂದು ಪೂರ್ತಿ ದಿನ ಹಿಡಿಯುತ್ತದೆ. ಮೊದಲು ಒಪ್ಪಿಗೆ ಪತ್ರ ಓದಿ ವಿವರಿಸುತ್ತಾರೆ. ನಂತರ ರಕ್ತ, ಬಿಪಿ, ಎತ್ತರ, ತೂಕ. ಆಮೇಲೆ ಆರೋಗ್ಯ, ಊಟ, ನಿದ್ದೆ, ಮನಸ್ಸಿನ ಬೇಸರದ ಬಗ್ಗೆ ಪ್ರಶ್ನೆಗಳು. ಅದಾದ ಮೇಲೆ ನೆನಪು, ಗಮನ, ಭಾಷೆಯ ಪರೀಕ್ಷೆಗಳು. ಎಂಆರ್‌ಐ ಇದ್ದರೆ ಅದೇ ದಿನ ಅಥವಾ ಇನ್ನೊಂದು ದಿನ.

ಖಾಲಿ ಹೊಟ್ಟೆ ಎಂದರೆ 8ರಿಂದ 12 ಗಂಟೆ. ನೀರು ಕುಡಿಯಬಹುದು, ಕಾಫಿ ಬೇಡ. ಅಮ್ಮನ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ವಿಷಯದಲ್ಲಿ ಹುಷಾರಾಗಿರಿ. ತಿಂಡಿ ಇಲ್ಲದೆ ಅದನ್ನು ತೆಗೆದುಕೊಂಡರೆ ಸಕ್ಕರೆ ಇಳಿದು ಬೆವರು, ನಡುಕ, ಗೊಂದಲ ಬರುತ್ತದೆ. ಆ ಹೊತ್ತಿನಲ್ಲಿ ನೆನಪಿನ ಪರೀಕ್ಷೆ ಮಾಡಿದರೆ ಅಳೆದದ್ದು ಹಸಿವನ್ನು, ಮಿದುಳನ್ನಲ್ಲ. ಹಿಂದಿನ ದಿನವೇ ಫೋನ್ ಮಾಡಿ ಯಾವ ಮಾತ್ರೆ ಯಾವಾಗ ಎಂದು ಕೇಳಿಕೊಳ್ಳಿ. ತಿಂಡಿ ಡಬ್ಬಿ ಜೊತೆಗಿರಲಿ. ರಕ್ತ ಕೊಟ್ಟ ಕೂಡಲೇ ತಿಂದು, ಎಂದಿನ ಮಾತ್ರೆ ನುಂಗಿ, ಅರ್ಧ ಗಂಟೆ ಸುಧಾರಿಸಿಕೊಂಡ ಮೇಲೆ ಪರೀಕ್ಷೆಗೆ ಕೂರಲಿ. ಅಲ್ಲಿಯವರು ಅವಸರ ಮಾಡಿದರೂ ನೀವು ಇದನ್ನು ಕೇಳಿ ಪಡೆಯಬಹುದು.

ಕನ್ನಡಕ, ಕಿವಿಯ ಯಂತ್ರ, ಅದರ ಹೊಸ ಬ್ಯಾಟರಿ ಇಷ್ಟನ್ನೂ ಮರೆಯಬೇಡಿ. ‘ಈ ಪದಗಳನ್ನು ನೆನಪಿಟ್ಟುಕೊಳ್ಳಿ’ ಎಂದು ಓದಿ ಹೇಳುವಾಗ ಎರಡು ಪದ ಕಿವಿಗೇ ಬೀಳದಿದ್ದರೆ ಅದು ಮರೆವಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಮ್ಮನಿಗೆ ಯಂತ್ರ ಇಲ್ಲದಿದ್ದರೆ ಕಿವಿ ಮಂದ ಎಂದು ಮೊದಲೇ ಹೇಳಿ. ಎದುರಿಗೆ ಕೂತು, ಫ್ಯಾನ್ ಆರಿಸಿ, ನಿಧಾನವಾಗಿ ಹೇಳುತ್ತಾರೆ. ಮಾತ್ರೆಗಳ ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಳ್ಳಿ. ನೆಗಡಿ, ಅಲರ್ಜಿ, ನಿದ್ದೆಯ ಮಾತ್ರೆಗಳನ್ನು ಜನ ಮಾತ್ರೆ ಎಂದೇ ಎಣಿಸುವುದಿಲ್ಲ. ಮಂಪರು ತಂದು ಅಂಕ ಇಳಿಸುವುದರಲ್ಲಿ ಅವೇ ಮುಂದು. ಹಾಗಂತ ನೀವಾಗಿ ನಿಲ್ಲಿಸಬೇಡಿ, ತೆಗೆದುಕೊಂಡಿದ್ದಾರೆ ಎಂದು ತಿಳಿಸಿದರೆ ಸಾಕು. ಜ್ವರ ಇದ್ದರೆ, ಮನೆಯಲ್ಲಿ ಸಾವು ನೋವು ಆಗಿದ್ದರೆ, ರಾತ್ರಿಯಿಡೀ ನಿದ್ದೆ ಇಲ್ಲದಿದ್ದರೆ ಬೇರೆ ದಿನ ಕೇಳಿ.

ಎಂಆರ್‌ಐನಲ್ಲಿ ವಿಕಿರಣ ಇಲ್ಲ, ಚುಚ್ಚುವುದೂ ಸಾಮಾನ್ಯವಾಗಿ ಇಲ್ಲ. ಕೊಳವೆಯೊಳಗೆ ಅರ್ಧದಿಂದ ಒಂದು ಗಂಟೆ ಅಲ್ಲಾಡದೆ ಮಲಗಬೇಕು. ಡಬಡಬ ಸದ್ದು ಜೋರಾಗಿರುತ್ತದೆ, ಕಿವಿಗೆ ಮುಚ್ಚಲು ಕೊಡುತ್ತಾರೆ. ಅಪಾಯ ಇರುವುದು ಅಯಸ್ಕಾಂತದಿಂದ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗೆ ಕೂರಿಸಿದ ಸಾಧನ, ಹಳೆಯ ಮುರಿತಕ್ಕೆ ಹಾಕಿದ ಪ್ಲೇಟು ಯಾವುದಿದ್ದರೂ ಆಸ್ಪತ್ರೆಯ ಕಾಗದದ ಸಮೇತ ಮೊದಲೇ ಹೇಳಬೇಕು. ಕೈಮೇಲೆ ಹಳೆಯ ಹಚ್ಚೆ ಇದ್ದರೂ ತಿಳಿಸಿ. ನಮ್ಮ ಹೆಂಗಸರ ವಿಷಯದಲ್ಲಿ ಕಣ್ಣುತಪ್ಪುವುದು ಪಿನ್ನುಗಳು: ಸೆರಗಿಗೆ ಹಾಕಿದ್ದು, ಮಾಂಗಲ್ಯದ ಸರಕ್ಕೆ ಸಿಕ್ಕಿಸಿಟ್ಟುಕೊಂಡಿದ್ದು, ಬಳೆಯಲ್ಲಿ ತೂಗುಬಿಟ್ಟಿದ್ದು, ತುರುಬಿನೊಳಗೆ ಹುದುಗಿದ್ದು. ಕಾಲುಂಗುರ, ಮೂಗುತಿ, ಕಟ್ಟಿಸಿದ ಹಲ್ಲಿನ ಸೆಟ್ಟು ಎಲ್ಲ ತೆಗೆಯಬೇಕಾಗುತ್ತದೆ. ಜರಿ ಅಂಚಿನ ಸೀರೆಯಲ್ಲಿ ಲೋಹದ ಎಳೆ ಇರಬಹುದು, ಅದು ಬಿಸಿಯೇರುತ್ತದೆ, ಹತ್ತಿ ಸೀರೆ ಉಡಿಸಿಕೊಂಡು ಹೋಗಿ. ಬಿಗಿಯಾದ ಮೂಗುತಿ, ಕಾಲುಂಗುರವನ್ನು ಹಿಂದಿನ ದಿನವೇ ಮನೆಯಲ್ಲಿ ಸೋಪು ಹಚ್ಚಿ ತೆಗೆದಿಟ್ಟರೆ ಅಲ್ಲಿ ಒದ್ದಾಟ ಇರುವುದಿಲ್ಲ. ಮಾಂಗಲ್ಯ ತೆಗೆಯಲು ಮನಸ್ಸಾಗದಿದ್ದರೆ ಅಷ್ಟು ಹೊತ್ತು ಅರಿಶಿನ ದಾರ ಕಟ್ಟಿಕೊಳ್ಳಬಹುದು. ಇಕ್ಕಟ್ಟಿನ ಜಾಗದಲ್ಲಿ ಅಮ್ಮನಿಗೆ ಉಸಿರು ಕಟ್ಟಿದಂತಾದರೆ ಕೈಗೆ ಕೊಟ್ಟಿರುವ ಗುಂಡಿ ಒತ್ತಿದ ತಕ್ಷಣ ಹೊರಗೆ ಎಳೆಯುತ್ತಾರೆ. ಎಂಆರ್‌ಐ ಬೇಡವೆಂದು ಉಳಿದದ್ದಕ್ಕಷ್ಟೇ ಒಪ್ಪಲು ಹಲವು ಅಧ್ಯಯನಗಳಲ್ಲಿ ಅವಕಾಶ ಇರುತ್ತದೆ, ಕೇಳಿ ನೋಡಿ.

ಪ್ರಶ್ನೆ: ನಮ್ಮತ್ತೆ ಶಾಲೆಗೆ ಹೋದವರಲ್ಲ, ಮನೆಯಲ್ಲಿ ತೆಲುಗು ಮಾತು. ಪರೀಕ್ಷೆಯಲ್ಲಿ ಚಿತ್ರ ಬರೆಯೋದಕ್ಕೆ ಪೆನ್ಸಿಲ್ ಹಿಡಿಯಲು ಬರದೆ ಕಣ್ಣಲ್ಲಿ ನೀರು ತಂದುಕೊಂಡರು. ನಾನು ಒಂದೆರಡು ಉತ್ತರ ಹೇಳಿಕೊಟ್ಟೆ. ಆಮೇಲೆ ‘ಅತ್ತೆಗೆ ಮರೆವು ಇದೆಯಾ’ ಅಂತ ನನ್ನನ್ನೂ ಕೇಳಿದರು. ಅತ್ತೆ ಪಕ್ಕದಲ್ಲೇ ಕೂತಿದ್ದರು, ಏನೂ ಇಲ್ಲ ಅಂದೆ. ತಪ್ಪಾಯಿತೇ?
– ಓದುಗರು, ಚಿಂತಾಮಣಿ

ಉತ್ತರ: ಪ್ರೀತಿಯಿಂದಲೇ ಹೇಳಿಕೊಟ್ಟಿರಿ, ಆದರೆ ಅದರಿಂದ ಅತ್ತೆಗೇ ನಷ್ಟ. ಈ ಪರೀಕ್ಷೆಯಲ್ಲಿ ಪಾಸು ಫೇಲು ಇಲ್ಲ. ಆರೋಗ್ಯವಂತರೂ ಕೆಲವು ಪ್ರಶ್ನೆಗಳಲ್ಲಿ ಸೋಲುವಂತೆಯೇ ಅದನ್ನು ಕಟ್ಟಿರುತ್ತಾರೆ. ಎಲ್ಲರಿಗೂ ಎಲ್ಲ ಉತ್ತರ ಬಂದರೆ ಮುಂದೆ ಇಳಿಕೆ ಕಾಣಿಸುವುದಾದರೂ ಹೇಗೆ? ಈ ವರ್ಷ ನೀವು ಹೇಳಿಕೊಟ್ಟು ಏರಿಸಿದ ಎರಡು ಅಂಕ, ಮುಂದಿನ ಸಲ ನೀವಿಲ್ಲದಾಗ ಎರಡು ಅಂಕದ ಕುಸಿತವಾಗಿ ಕಾಣುತ್ತದೆ. ಈಗಲೂ ಕಾಲ ಮಿಂಚಿಲ್ಲ. ಪರೀಕ್ಷೆ ಮಾಡಿದವರಿಗೆ ಫೋನ್ ಮಾಡಿ ‘ಇಂಥಿಂಥ ಕಡೆ ನಾನು ಹೇಳಿದ್ದೆ’ ಎಂದುಬಿಡಿ, ಅವರು ಗುರುತು ಹಾಕಿಕೊಳ್ಳುತ್ತಾರೆ. ಪರೀಕ್ಷೆಗೆ ಹೋಗಿ ಬಂದವರು ಅಲ್ಲಿ ಕೇಳಿದ ಪದಗಳನ್ನು ಓಣಿಯಲ್ಲಿ ಹಂಚಿಕೊಳ್ಳುವುದೂ ಇದೇ ಥರದ ತೊಂದರೆ. ಪರೀಕ್ಷೆಯ ಪದಗಳನ್ನು ನಾವು ಈ ಅಂಕಣದಲ್ಲಿ ಬರೆಯದಿರುವುದಕ್ಕೂ ಅದೇ ಕಾರಣ.

ಓದು ಬರಹ ಇಲ್ಲದವರಿಗೆ ಅನ್ಯಾಯ ಆಗುತ್ತದೆ ಎಂಬುದು ಹಳೆಯ ದೂರು, ನ್ಯಾಯವಾದ ದೂರು ಕೂಡ. ವಿದೇಶದಲ್ಲಿ ತಯಾರಾದ ಪರೀಕ್ಷೆಗಳು ವಾಕ್ಯ ಬರೆಯಿರಿ, 100ರಿಂದ ಏಳೇಳು ಕಳೆಯುತ್ತಾ ಬನ್ನಿ ಎನ್ನುತ್ತವೆ. ಶಾಲೆ ಕಾಣದವರು ಅಲ್ಲೇ ಸೋಲುತ್ತಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅನಕ್ಷರಸ್ಥರಿಗೆ ಹೊಂದುವಂತೆ ಅಂಥದ್ದೊಂದನ್ನು ಬದಲಿಸಿ ‘ಎಚ್‌ಎಂಎಸ್‌ಇ’ ಎಂಬ ಹಿಂದಿ ಪರೀಕ್ಷೆ ಮಾಡಿದರು, 1995ರಲ್ಲಿ ಅದು ಪ್ರಕಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ಮಲಯಾಳಂ ಜೊತೆಗೆ ಕನ್ನಡ, ತೆಲುಗಿನಲ್ಲೂ ಇದೆ. ನಿಮ್ಮತ್ತೆಗೆ ತೆಲುಗಿನಲ್ಲೇ ಮಾಡಿ ಎಂದು ಕೇಳಿ. ಒಂದು ಸಲ ತೆಲುಗಾದರೆ ಮುಂದಿನ ಸಲವೂ ತೆಲುಗೇ ಇರಬೇಕು, ಇಲ್ಲವಾದರೆ ಎರಡನ್ನೂ ಹೋಲಿಸಲಾಗದು.

ಎರಡು ಭಾಷೆಯ ಮನೆ ಎಂದು ಹಿಂಜರಿಯಬೇಕಾಗಿಲ್ಲ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ವಿವರ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರ ಕಂಡಿತು. ಶಾಲೆಗೆ ಹೋಗದೆಯೂ ಎರಡು ಮೂರು ಭಾಷೆಯಲ್ಲಿ ಸಂತೆ ಮಾಡುವ ಜನ ಇರುವ ಕಡೆ ಮಾತ್ರ ಇಂಥದ್ದು ತಿಳಿಯಲು ಸಾಧ್ಯ.

ಇನ್ನು ನಿಮ್ಮನ್ನು ಕೇಳಿದ್ದು. ಮನೆಯವರ ಮಾತಿಗೆ ಅಂಕದಷ್ಟೇ ತೂಕ ಇದೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರಾ, ಪಿಂಚಣಿ ದುಡ್ಡು ಎಣಿಸಲು ತಡವರಿಸುತ್ತಾರಾ, ಗೊತ್ತಿರುವ ದಾರಿ ತಪ್ಪಿದ್ದಾರಾ ಎಂಬುದು ನಿಮಗಷ್ಟೇ ಗೊತ್ತು. ಈ ಮಾತುಕತೆ ಅತ್ತೆ ಇಲ್ಲದ ಕೋಣೆಯಲ್ಲಿ ನಡೆಯಬೇಕು, ಪದ್ಧತಿಯೂ ಹಾಗೇ ಇದೆ. ಅಂದು ಹಾಗೆ ಮಾಡಿರದಿದ್ದರೆ ‘ನಾನು ಬೇರೆ ಮಾತಾಡಬೇಕು’ ಎಂದು ಕೇಳುವುದು ಅವಿಧೇಯತೆ ಅಲ್ಲ. ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ, ಯಾವಾಗಿನಿಂದ, ಈ ಮೂರನ್ನು ಹೇಳಿದರೆ ಸಾಕು. ‘ವಯಸ್ಸಾಯ್ತಲ್ಲ, ಅಷ್ಟು ಇರುತ್ತೆ’ ಎಂದು ನೀವೇ ತೀರ್ಪು ಕೊಟ್ಟುಬಿಡಬೇಡಿ.

ಪ್ರಶ್ನೆ: ತಂದೆಗೆ (74) ಡಿಮೆನ್ಶಿಯಾ ಆರಂಭದ ಹಂತದಲ್ಲಿದೆ ಎಂದಿದ್ದಾರೆ. ಆಸ್ಪತ್ರೆಯಲ್ಲಿ ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದರು. ‘ನಾನ ಸಹಿ ಮಾಡತೇನಿ, ಅಪ್ಪಗ ಕೇಳೂದೇನೈತಿ’ ಅಂತಾನ ನಮ್ಮಣ್ಣ. ಯಾರು ಸಹಿ ಮಾಡಬೇಕ್ರಿ?
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ತಂದೆಯವರನ್ನೇ ಕೇಳಬೇಕು. ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ ಒಪ್ಪುವ, ಒಪ್ಪದಿರುವ ಹಕ್ಕು ಹೋಗುವುದಿಲ್ಲ. ಆರಂಭದ ಹಂತದಲ್ಲಿ ಬಹಳ ಜನ ಸಮಾಧಾನವಾಗಿ ಹೇಳಿದರೆ ಅರ್ಥ ಮಾಡಿಕೊಂಡು ತೀರ್ಮಾನಿಸುತ್ತಾರೆ. ವಿವರಿಸಿದ ಮೇಲೆ ‘ಇದರಲ್ಲಿ ಏನು ಮಾಡುತ್ತಾರೆ, ಬೇಡ ಅನ್ನಿಸಿದರೆ ಏನು ಮಾಡುತ್ತೀರಿ’ ಎಂದು ತಿರುಗಿ ಕೇಳಿದಾಗ ತಮ್ಮ ಮಾತಿನಲ್ಲಿ ಹೇಳಬಲ್ಲರೇ ನೋಡುತ್ತಾರೆ. ಹೇಳಿದರೆ ಸಹಿ ಅವರದೇ. ಹೇಳಲಾಗದಿದ್ದರೆ ಮಾತ್ರ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಮಾಡಬಹುದು. ಆಗಲೂ ತಂದೆಯವರ ಮನಸ್ಸು ಮುಖ್ಯ. ಕೈ ಹಿಂದಕ್ಕೆಳೆದುಕೊಂಡರೆ, ಸೂಜಿ ಕಂಡು ಎದ್ದು ಹೊರಟರೆ ಅದನ್ನು ‘ಬೇಡ’ ಎಂದೇ ತಿಳಿಯಬೇಕು. ನಿಮ್ಮಣ್ಣನ ಸಹಿ ಅದನ್ನು ಮೀರುವಂತಿಲ್ಲ.

ಮಾಹಿತಿ ಪತ್ರ ಕನ್ನಡದಲ್ಲಿರಲಿ. ಮನೆಗೆ ಒಯ್ದು ಓದಿ, ಎರಡು ದಿನ ಬಿಟ್ಟು ಉತ್ತರ ಕೊಡುತ್ತೇವೆ ಎನ್ನಿ. ಓದಲು ಬಾರದವರಾದರೆ ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ಅದರಲ್ಲಿ ಎರಡು ಫೋನ್ ನಂಬರು ಇವೆಯೇ ನೋಡಿಕೊಳ್ಳಿ: ಮುಖ್ಯ ಸಂಶೋಧಕರದು, ಸಂಶೋಧನೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯದು. ಈ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಕಾನೂನು ಬಲ್ಲವರು ಮತ್ತು ವೈದ್ಯಕೀಯದ ಹೊರಗಿನ ಸಾಮಾನ್ಯ ಪ್ರಜೆಯೂ ಇರಬೇಕು, ಅರ್ಧದಷ್ಟಾದರೂ ಸದಸ್ಯರು ಆ ಸಂಸ್ಥೆಗೆ ಸೇರದವರಾಗಿರಬೇಕು. ಸಂಶೋಧಕರ ಮೇಲೆ ದೂರಿದ್ದರೆ ಅಲ್ಲಿಗೆ ಹೇಳಬಹುದು. ಯಾವಾಗ ಬೇಕಾದರೂ ಕಾರಣ ಕೊಡದೆ ಹೊರಬರಬಹುದು. ಹೊರಬಂದರೆ ಅಲ್ಲಿ ನಡೆಯುತ್ತಿರುವ ಚಿಕಿತ್ಸೆ ಕೆಡುವಂತಿಲ್ಲ. ಬಸ್ ಖರ್ಚು, ಕಳೆದುಕೊಂಡ ಕೂಲಿ ಕೇಳಿದರೆ ತಪ್ಪಿಲ್ಲ, ಕೊಡಲು ನಿಯಮದಲ್ಲೇ ಅವಕಾಶ ಇದೆ.

ಪ್ರಶ್ನೆ: ಅಮ್ಮನಿಗೆ ಹೊಸ ಔಷಧದ ಪ್ರಯೋಗಕ್ಕೆ ಸೇರಿಸಬಹುದು ಎಂದಿದ್ದಾರೆ. ಸೇರಿದರೆ ಗುಣವಾಗುತ್ತದೆಯೇ? ಏನೇನು ಕೇಳಿ ತಿಳಿದುಕೊಳ್ಳಬೇಕು?
– ಓದುಗರು, ಮಂಗಳೂರು

ಉತ್ತರ: ಗುಣವಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರನ್ನು ನಂಬಬೇಡಿ. ಔಷಧ ಕೆಲಸ ಮಾಡುತ್ತದೆಯೇ ಎಂದು ಗೊತ್ತಿಲ್ಲ ಎಂಬ ಕಾರಣಕ್ಕೇ ಪ್ರಯೋಗ ನಡೆಯುವುದು. ಅಮ್ಮನಿಗೆ ಔಷಧ ಸಿಗುತ್ತದೋ, ಅದರಂತೆಯೇ ಕಾಣುವ ಔಷಧವಿಲ್ಲದ ಮದ್ದು ಸಿಗುತ್ತದೋ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಡಾಕ್ಟರಿಗೂ ಗೊತ್ತಿರುವುದಿಲ್ಲ.

ನಿರೀಕ್ಷೆ ಎಷ್ಟಿರಬೇಕು ಎಂಬುದಕ್ಕೆ ಆಲ್ಝೈಮರ್‌ನಲ್ಲಿ ಮಿದುಳಿನ ಅಮೈಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್ ಔಷಧದ ಪ್ರಯೋಗವನ್ನೇ ನೋಡಿ. ಆರಂಭದ ಹಂತದ 1,795 ಜನರ ಮೇಲೆ 18 ತಿಂಗಳು ನಡೆಯಿತು. ಔಷಧ ಪಡೆದವರಲ್ಲಿ ಕಾಯಿಲೆ ಇಳಿಜಾರಿನ ವೇಗ ಶೇ 27ರಷ್ಟು ತಗ್ಗಿತು. ಹೋದ ನೆನಪು ಮರಳಿ ಬರಲಿಲ್ಲ. ಸುಮಾರು ಶೇ 12.6ರಷ್ಟು ಜನರ ಮಿದುಳಿನ ಸ್ಕ್ಯಾನ್‌ನಲ್ಲಿ ಊತ ಕಂಡಿತು. ಬಹಳ ಜನರಿಗೆ ಅದರಿಂದ ತೊಂದರೆಯ ಅರಿವೇ ಆಗಲಿಲ್ಲ, ಆದರೂ ಪದೇ ಪದೇ ಎಂಆರ್‌ಐ ಮಾಡಿ ಕಾಯಬೇಕಾಯಿತು. 2023ರ ಜುಲೈನಲ್ಲಿ ಅಮೆರಿಕದಲ್ಲಿ ಅದಕ್ಕೆ ಪೂರ್ಣ ಅನುಮತಿ ಸಿಕ್ಕಿದ್ದು ಈ ಜನರ ತಾಳ್ಮೆಯಿಂದ.

ಕೇಳಬೇಕಾದದ್ದು ಇಷ್ಟು. ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, ಅಂದರೆ ಸಿಟಿಆರ್‌ಐಯಲ್ಲಿ ನೋಂದಣಿ ಸಂಖ್ಯೆ ಎಷ್ಟು? ಆ ಸಂಖ್ಯೆ ಹಾಕಿ ಯಾರು ಬೇಕಾದರೂ ಅಂತರ್ಜಾಲದಲ್ಲಿ ವಿವರ ನೋಡಬಹುದು, ಸಂಖ್ಯೆ ಇಲ್ಲವೆಂದರೆ ಎದ್ದು ಬನ್ನಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ನಿಲ್ಲಿಸಬೇಕೇ? ಎಷ್ಟು ಸಲ ಬರಬೇಕು? ಜೊತೆಗಾರರು ಯಾರು? ವಾರಕ್ಕೆ ಹತ್ತು ಗಂಟೆಯಾದರೂ ಅಮ್ಮನ ಜೊತೆ ಇರುವವರು ಬೇಕು ಎಂದು ಹಲವು ಪ್ರಯೋಗಗಳು ಕೇಳುತ್ತವೆ. ಕೆಲಸಕ್ಕೆ ರಜೆ ಸಿಗದ ಮಗನ ಹೆಸರು ಕೊಟ್ಟು ನಡುವೆ ಕೈಬಿಡುವುದಕ್ಕಿಂತ ಮೊದಲೇ ಆಗದು ಎನ್ನುವುದು ಒಳ್ಳೆಯದು. ಪ್ರಯೋಗ ಮುಗಿದ ಮೇಲೆ, ಔಷಧ ಒಗ್ಗಿದ್ದರೆ, ಮುಂದೆಯೂ ಕೊಡುತ್ತಾರೆಯೇ?

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ಸ್ ನಿಯಮಗಳ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪ್ರಯೋಗವೇ ಕಾರಣವಾದ ಗಾಯ, ಸಾವಿಗೆ ಪರಿಹಾರ ಇದೆ. ಗಂಭೀರ ತೊಂದರೆಯನ್ನು ಸಂಶೋಧಕರು 24 ಗಂಟೆಯೊಳಗೆ ವರದಿ ಮಾಡಬೇಕು. ಅವರಿಗೆ ಗೊತ್ತಾಗಬೇಕಾದರೆ ನೀವು ಹೇಳಬೇಕು. ಅಮ್ಮ ರಾತ್ರಿ ಬಿದ್ದು ಬೇರೆ ಆಸ್ಪತ್ರೆಗೆ ಸೇರಿದರೂ ಬೆಳಿಗ್ಗೆಯೇ ಪ್ರಯೋಗದವರಿಗೆ ಫೋನ್ ಮಾಡಿ. ಆ ಆಸ್ಪತ್ರೆಯ ಡಾಕ್ಟರಿಗೂ ಪ್ರಯೋಗದಲ್ಲಿರುವ ವಿಷಯ ತಿಳಿಸಿ. ಲೆಕಾನೆಮ್ಯಾಬ್‌ನಂಥ ಔಷಧ ಪಡೆಯುತ್ತಿರುವವರಿಗೆ ರಕ್ತ ತೆಳುವಾಗಿಸುವ ಚುಚ್ಚುಮದ್ದು ಕೊಟ್ಟರೆ ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು.

ಪ್ರಶ್ನೆ: ಬೆನ್ನಿನಿಂದ ನೀರು ತೆಗೆಯುತ್ತಾರಂತೆ. ತೆಗೆದರೆ ಕಾಲಿನ ಸ್ವಾಧೀನ ಹೋಗುತ್ತೆ ಅಂತಾರಲ್ಲ?
– ಓದುಗರು, ತುಮಕೂರು

ಉತ್ತರ: ಕಾಲು ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು ನಾಲ್ಕು ಅಥವಾ ನಾಲ್ಕು ಐದನೇ ಮೂಳೆಗಳ ನಡುವೆ. ಆಲ್ಝೈಮರ್ ಗುರುತು ನೋಡಲು ತೆಗೆಯುವುದು ಸಾಮಾನ್ಯವಾಗಿ 10–20 ಎಂಎಲ್. ಮಿದುಳು, ಬೆನ್ನುಹುರಿಯ ಸುತ್ತ ಇರುವ ಒಟ್ಟು ನೀರು ಸುಮಾರು 150 ಎಂಎಲ್, ದೇಹ ದಿನಕ್ಕೆ ಸುಮಾರು 500 ಎಂಎಲ್ ಹೊಸದಾಗಿ ತಯಾರಿಸುತ್ತದೆ. ಹಾಗಾಗಿ ತೆಗೆದದ್ದು ಗಂಟೆಯೊಳಗೆ ತುಂಬಿಕೊಳ್ಳುತ್ತದೆ.

ನಿಜವಾಗಿ ಆಗಬಹುದಾದದ್ದು ತಲೆನೋವು. ಎದ್ದು ಕೂತರೆ ಹೆಚ್ಚು, ಮಲಗಿದರೆ ಕಡಿಮೆ, ಕೆಲವು ದಿನ ಇರಬಹುದು. ಸೂಜಿ ಮಾಡಿದ ರಂಧ್ರದಿಂದ ನೀರು ಸ್ವಲ್ಪ ಸ್ವಲ್ಪ ಸೋರುವುದೇ ಕಾರಣ. ಪದರವನ್ನು ಕತ್ತರಿಸದೆ ಸರಿಸಿಕೊಂಡು ಹೋಗುವ ಮೊಂಡು ತುದಿಯ ಸಣ್ಣ ಸೂಜಿ ಬಳಸಿದರೆ ಈ ತೊಂದರೆ ಬಹಳ ಕಡಿಮೆ, ಯಾವ ಸೂಜಿ ಎಂದು ಕೇಳಿ. ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಹೇಳದೆ ಇರಲೇಬೇಡಿ. ತಲೆನೋವಿನ ಜೊತೆ ಜ್ವರ, ಕುತ್ತಿಗೆ ಸೆಟೆತ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇದೊಂದು ಬೇಡ ಎನ್ನಲು ಯಾವ ಸಂಕೋಚವೂ ಬೇಡ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಲ್ಝೈಮರ್ ಪತ್ತೆಗೆ ನೆರವಾಗುವ ಮೊದಲ ರಕ್ತಪರೀಕ್ಷೆಗೆ ಅನುಮತಿ ಸಿಕ್ಕಿದೆ. ಅಂಥ ರಕ್ತಪರೀಕ್ಷೆ ರೂಪುಗೊಂಡದ್ದೂ ಬೆನ್ನಿನ ನೀರು, ಮಿದುಳಿನ ಅಮೈಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್‌ನ ಫಲಿತಾಂಶದ ಜೊತೆ ಹೋಲಿಸಿ ನೋಡಿಯೇ.

ಪ್ರಶ್ನೆ: ರಕ್ತ, ಸ್ಕ್ಯಾನು, ಜೀನ್ ಎಲ್ಲ ನೋಡುತ್ತಾರೆ. ಫಲಿತಾಂಶ ನಮಗೆ ಹೇಳುತ್ತಾರಾ?
– ಓದುಗರು, ಉಡುಪಿ

ಉತ್ತರ: ಎಲ್ಲವನ್ನೂ ಹೇಳುವುದಿಲ್ಲ. ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಎಂದು ಮಾಹಿತಿ ಪತ್ರದಲ್ಲಿರಬೇಕು. ಸಕ್ಕರೆ, ಥೈರಾಯ್ಡ್, ಬಿ12ನಂಥ ಮಾಮೂಲಿ ರಕ್ತಪರೀಕ್ಷೆಯ ವರದಿಯನ್ನು ಸಾಮಾನ್ಯವಾಗಿ ಕೊಡುತ್ತಾರೆ. ಅದನ್ನು ಬೀರುವಿನಲ್ಲಿ ಇಡದೆ ನಿಮ್ಮ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಮತ್ತು ಬಿ12 ಕೊರತೆಯಿಂದ ಬರುವ ಮರೆವಿಗೆ ಚಿಕಿತ್ಸೆ ಇದೆ. ಸ್ಕ್ಯಾನ್‌ನಲ್ಲಿ ಗಡ್ಡೆಯಂಥದ್ದು ಕಂಡರೆ ತಿಳಿಸುತ್ತಾರೆಯೇ ಎಂದು ಸಹಿಗೆ ಮೊದಲೇ ಕೇಳಿಕೊಳ್ಳಿ.

ಜೀನ್ ಫಲಿತಾಂಶವನ್ನು ಬಹಳಷ್ಟು ಅಧ್ಯಯನಗಳು ಹೇಳುವುದಿಲ್ಲ, ನಮ್ಮ ಅಭಿಪ್ರಾಯದಲ್ಲಿ ಅದು ಸರಿ. ಎಪಿಒಇ ಎಂಬ ಜೀನಿನ ಇ4 ರೂಪ ತಂದೆ ಅಥವಾ ತಾಯಿ ಒಬ್ಬರಿಂದ ಬಂದಿದ್ದರೆ ಆಲ್ಝೈಮರ್ ಅಪಾಯ ಸುಮಾರು ಮೂರು ಪಟ್ಟು, ಇಬ್ಬರಿಂದಲೂ ಬಂದಿದ್ದರೆ 8ರಿಂದ 12 ಪಟ್ಟು ಎನ್ನುತ್ತಾರೆ. ಇದು ಹೆಚ್ಚಾಗಿ ಯುರೋಪ್ ಮೂಲದವರ ಲೆಕ್ಕ. ಇ4 ಇದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಆ ಚೀಟಿ ಕೈಗೆ ಸಿಕ್ಕರೆ ಭಯ ಹೆಚ್ಚುತ್ತದೆ, ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಹಿಡಿತದಲ್ಲಿಡುವುದು, ಕಿವಿಗೆ ಯಂತ್ರ, ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ, ಬೀಡಿ ಸಿಗರೇಟು ಬಿಡುವುದು, ನಡಿಗೆ, ನಾಲ್ಕು ಜನರ ಒಡನಾಟ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಇಂಥ 14 ಅಂಶಗಳನ್ನು ಗುರುತಿಸಿ, ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು.

ನಿಮ್ಮ ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕುತ್ತಾರೆಯೇ, ರಕ್ತದ ಮಾದರಿಯನ್ನು ಎಷ್ಟು ವರ್ಷ ಇಡುತ್ತಾರೆ, ಬೇರೆ ಸಂಸ್ಥೆಗೆ ಕೊಡುತ್ತಾರೆಯೇ, ಹೊರಬಂದರೆ ಮಾದರಿ ನಾಶ ಮಾಡುತ್ತಾರೆಯೇ ಎಂಬುದನ್ನೂ ಕೇಳಿ.

ಪ್ರಶ್ನೆ: ಸತ್ತ ಮೇಲೆ ಮಿದುಳನ್ನು ಸಂಶೋಧನೆಗೆ ಕೊಡಬೇಕೆಂದು ಆಸೆ. ಮಕ್ಕಳು ಸಂಸ್ಕಾರಕ್ಕೆ ತೊಂದರೆ ಎನ್ನುತ್ತಾರೆ. ನನಗೆ ಮರೆವಿನ ಕಾಯಿಲೆ ಇಲ್ಲ. ತೆಗೆದುಕೊಳ್ಳುತ್ತಾರೆಯೇ?
– ಹಿರಿಯ ಓದುಗರು, ಮೈಸೂರು

ಉತ್ತರ: ಕಾಯಿಲೆ ಇಲ್ಲದ ಮಿದುಳು ಸಿಗುವುದೇ ಕಷ್ಟ, ಹೋಲಿಸಲು ಅದು ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರು ವರ್ಷವರ್ಷವೂ ನೆನಪಿನ ಪರೀಕ್ಷೆಗೆ ಕೂತು, ಸತ್ತ ಮೇಲೆ ಮಿದುಳು ಕೊಡಲು ಒಪ್ಪಿದ್ದರು. ಅವರಲ್ಲಿ ಕೆಲವರ ಮಿದುಳಿನ ತುಂಬ ಆಲ್ಝೈಮರ್ ಗುರುತುಗಳಿದ್ದೂ ಬದುಕಿದ್ದಾಗ ಮರೆವು ಕಂಡಿರಲಿಲ್ಲ. ಪರೀಕ್ಷೆಯ ಅಂಕ ಮತ್ತು ಮಿದುಳು ಎರಡೂ ಒಬ್ಬರದೇ ಆಗಿದ್ದರಿಂದ ಇದು ತಿಳಿಯಿತು. ಬದುಕಿದ್ದಾಗಲೂ ಅಧ್ಯಯನವೊಂದರಲ್ಲಿದ್ದವರ ದಾನಕ್ಕೆ ಬೆಲೆ ಹೆಚ್ಚು.

ತಲೆಯ ಹಿಂಬದಿಯಲ್ಲಿ, ಕೂದಲಿನ ಮರೆಯಲ್ಲಿ ಕೊಯ್ದು ತೆಗೆದು ಹೊಲಿಯುತ್ತಾರೆ. ಮುಖ ಕೆಡುವುದಿಲ್ಲ, ದೇಹ ಮನೆಗೆ ಬರುತ್ತದೆ, ಸಂಸ್ಕಾರ ಎಂದಿನಂತೆ ನಡೆಯುತ್ತದೆ. ತೊಡಕು ಇರುವುದು ಹೊತ್ತಿನದು. ಸಾವಾದ ಕೆಲವೇ ಗಂಟೆಗಳಲ್ಲಿ ತೆಗೆಯದಿದ್ದರೆ ಅಂಗಾಂಶ ಕೆಡುತ್ತಾ ಹೋಗುತ್ತದೆ. ಮೈಸೂರಿನಿಂದ ದಾರಿಯೇ ಮೂರು ಗಂಟೆ ಹಿಡಿಯುವುದರಿಂದ ಈಗಲೇ ಬ್ಯಾಂಕಿನವರಿಗೆ ಬರೆದು, ಯಾರಿಗೆ ಫೋನ್ ಮಾಡಬೇಕು, ವಾಹನ ಯಾರದು, ಭಾನುವಾರವಾದರೆ ಏನು ಎಂದು ಕೇಳಿ ಕಾಗದದಲ್ಲಿ ಬರೆದಿಡಿ. ಕೊನೆಗೆ ಒಪ್ಪಿಗೆ ಕೊಡಬೇಕಾದವರು ನಿಮ್ಮ ಮಕ್ಕಳೇ. ನಿಮ್ಮ ಸಹಿಯೊಂದೇ ಸಾಲದು, ಅವರ ಜೊತೆ ಈಗಲೇ ಕೂತು ಮಾತಾಡಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಊರಿನಿಂದ ಆರು ತಿಂಗಳಿಗೆಂದು ಬಂದಿರುವ ಅಪ್ಪ ಅಮ್ಮ ಇಲ್ಲಿಯ ಅಧ್ಯಯನದಲ್ಲಿ ಸೇರಬಹುದೇ?
– ಓದುಗರು, ಲೆಸ್ಟರ್

ಉತ್ತರ: ಅವರಿಗೆ ಹೊಂದುವುದಿಲ್ಲ. ಮರುಭೇಟಿಗೆ ಸಿಗದವರಿಂದ ಹೆಚ್ಚಿನ ಪ್ರಯೋಜನ ಆಗದು, ಕನ್ನಡದಲ್ಲಿ ಪರೀಕ್ಷಿಸುವವರೂ ಅಲ್ಲಿ ಸಿಗುವುದು ಕಷ್ಟ. ಅವರು ಊರಿಗೆ ಹೋದ ಮೇಲೆ ಇಲ್ಲಿಯೇ ಸೇರಲಿ. ನೀವು ಮಾತ್ರ ಸೇರಿ. ‘ಜಾಯಿನ್ ಡಿಮೆನ್ಶಿಯಾ ರಿಸರ್ಚ್’ ಎಂಬ ಸೇವೆಯಲ್ಲಿ 18 ದಾಟಿದ ಯಾರು ಬೇಕಾದರೂ, ಆರೋಗ್ಯವಂತರೂ, ಹೆಸರು ನೋಂದಾಯಿಸಬಹುದು. ನಿಮಗೆ ಹೊಂದುವ ಅಧ್ಯಯನ ಬಂದಾಗ ತಿಳಿಸುತ್ತಾರೆ. ದಕ್ಷಿಣ ಏಷ್ಯಾ ಮೂಲದವರು ಅಲ್ಲಿಯ ಅಧ್ಯಯನಗಳಲ್ಲಿ ಬಹಳ ಕಡಿಮೆ.

ಪ್ರಶ್ನೆ: ‘ಮೆಮೊರಿ ರಿಸರ್ಚ್‌ನಿಂದ ಮಾತಾಡ್ತಿದೀವಿ, ಆಧಾರ್ ನಂಬರ್ ಹೇಳಿ, ನೋಂದಣಿಗೆ 500 ರೂಪಾಯಿ ಕಳಿಸಿ’ ಅಂತ ನಮ್ಮ ತಾತನಿಗೆ ಫೋನ್ ಬಂದಿತ್ತು.
– ಓದುಗರು, ಶಿವಮೊಗ್ಗ

ಉತ್ತರ: ಮೋಸದ ಕರೆ. ಭಾಗವಹಿಸುವವರಿಂದ ನೋಂದಣಿಗೆಂದು ಫೋನಿನಲ್ಲಿ ದುಡ್ಡು ಕೇಳುವ ಸಂಶೋಧನೆ ಇಲ್ಲ. ನಿಜವಾದ ತಂಡದವರು ಸಂಸ್ಥೆಯ ಹೆಸರು, ಮುಖ್ಯ ಸಂಶೋಧಕರ ಹೆಸರು, ಎಥಿಕ್ಸ್ ಕಮಿಟಿಯ ಅನುಮತಿ ಸಂಖ್ಯೆ ಕೊಡುತ್ತಾರೆ, ಓಟಿಪಿ ಕೇಳುವುದಿಲ್ಲ. ಸಂಸ್ಥೆಯ ಹೆಸರು ಹೇಳಿದರೂ ಕರೆ ಬಂದ ನಂಬರಿಗೆ ತಿರುಗಿ ಮಾಡದೆ, ಸಂಸ್ಥೆಯ ಜಾಲತಾಣದಲ್ಲಿರುವ ನಂಬರಿಗೆ ಮಾಡಿ ವಿಚಾರಿಸಿ. ತಾತ ಆಧಾರ್ ನಂಬರ್ ಅಥವಾ ಓಟಿಪಿ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.